ಮೊದಲು ಡ್ರಿಪ್, ಆಮೇಲೆ ಚಾರ್ಟ್

ಡಾಕ್ಟರಮ್ಮ ಸಾಗರದ ತವರಿಗೆ ಹೋದ ಮೂರನೇ ದಿನ ಆ ಪೆಟ್ಟಿಗೆ ಬಂತು. ಸಹಿ ಹಾಕಿ ಪಡೆದುಕೊಂಡು, ಕ್ಲಿನಿಕ್ಕಿನ ಶಟರನ್ನು ಅರ್ಧಕ್ಕೆ ಎಳೆದು, ರೋಗಿಗಳು ಕೂರುವ ಬೆಂಚಿನ ಮೇಲಿಟ್ಟು ಬಿಚ್ಚಿದೆ. ಹೊರಬಂದ ಒಂದೊಂದು ವಸ್ತುವನ್ನೂ ಹಾಳೆಯಲ್ಲಿ ಬರೆದೆ. ಪಾರದರ್ಶಕ ಕೊಳವೆ, ಒಂದು. ಪುಟ್ಟ ಪಂಪು, ಎರಡು. ಗ್ಯಾಸ್ ರೆಗ್ಯುಲೇಟರ್, ಒಂದು. ಖಾಲಿ ಸಿಲಿಂಡರ್, ಎರಡು ಕೆ.ಜಿ.ಯದು, ಒಂದು. ಸತ್ತ ಹವಳದ ಚೂರು, ಒಂದು ಚೀಲ. ಬಿಳಿ ಉಂಗುರ, ಒಂದು, ಬಹುಶಃ ಬಿಡಿಭಾಗ.

ಕ್ಲಿನಿಕ್ ಇರುವುದು ಹೊಸನಗರದ ಪೇಟೆಯಲ್ಲಿ. ಡಾಕ್ಟರಮ್ಮ ಹಲ್ಲಿನ ವೈದ್ಯೆ. ನಾನು ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಎರಡು ವರ್ಷದಿಂದ ಬೆಳಗಿನ ಹೊತ್ತು ಅಲ್ಲಿ ಉಪಕರಣಗಳನ್ನು ಕುದಿಸಿ, ಒರೆಸಿ, ಜೋಡಿಸಿಡುತ್ತಿದ್ದೆ. ಬಸುರಿಯಾಗಿದ್ದ ಅವರಿಗೆ ಏಳು ತಿಂಗಳು ತುಂಬುವಾಗ ರಕ್ತದೊತ್ತಡ ಏರಿತು. ಮಲಗಿಯೇ ಇರಬೇಕು ಎಂದಾಯಿತು. ಕ್ಲಿನಿಕ್ ಮುಚ್ಚಿದರು, ಬೀಗದ ಕೈ ನನಗೆ ಕೊಟ್ಟರು. ಹಲ್ಲಿಗಾಗಿ ಅಲ್ಲ, ತೊಟ್ಟಿಗಾಗಿ.

ಕಾಯುವ ಕೋಣೆಯ ಗೋಡೆಗೆ ತಾಗಿ ಇನ್ನೂರೈವತ್ತು ಲೀಟರಿನ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಕಲ್ಲು, ನಾಲ್ಕು ಮೀನು, ಮತ್ತೆ ಹವಳ. ಹವಳವೆಂದರೆ ಉಂಗುರದ ಕೆಂಪು ಕಲ್ಲು ಎಂದೇ ತಿಳಿದಿದ್ದವಳು ನಾನು. ಅದೊಂದು ಪ್ರಾಣಿ, ನೀರಿನಲ್ಲಿರುವ ಸುಣ್ಣದ ಅಂಶವನ್ನು ಎಳೆದುಕೊಂಡು ತನ್ನ ಎಲುಬನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ತಿಳಿದದ್ದು ಅಲ್ಲಿಯೇ. ಎಲ್ಲವೂ ನರ್ಸರಿಯಲ್ಲಿ ಬೆಳೆಸಿದ ತುಂಡುಗಳು. ಅದರ ಕಾಗದಪತ್ರಗಳಿಗೆ ತಮ್ಮ ಪದವಿ ಪತ್ರದ ಪಕ್ಕದಲ್ಲೇ ಡಾಕ್ಟರಮ್ಮ ಫ್ರೇಮು ಹಾಕಿಸಿದ್ದರು. ಮಧ್ಯದಲ್ಲಿ ಕವಲೊಡೆದ ಒಂದು ನೇರಳೆ ಹವಳವಿತ್ತು. ಹೆಬ್ಬೆರಳುದ್ದ ತಂದದ್ದನ್ನು ಆರು ವರ್ಷ ಸಾಕಿ ಎರಡು ಅಂಗೈ ಅಗಲ ಮಾಡಿದ್ದರು. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳ ಅಳು ಅದನ್ನು ನೋಡಿಯೇ ನಿಲ್ಲುತ್ತಿತ್ತು.

ಮೀನಿಗೆ ಊಟ ಹಾಕಲು, ಆರಿದ ನೀರನ್ನು ತುಂಬಿಸಲು ಪುಟ್ಟ ಯಂತ್ರಗಳಿದ್ದವು. ಕೈಯಿಂದ ಆಗಬೇಕಾದದ್ದು ಒಂದೇ. ಹವಳ ತಿಂದು ಮುಗಿಸಿದ ಸುಣ್ಣದ ಅಂಶವನ್ನು ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ, ಎರಡು ಬಗೆಯ ಪುಡಿ ಕರಗಿಸಿ ಸುರಿಯುವುದು. ಒಂದು ಹೊತ್ತು ತಪ್ಪಿದರೂ ನೀರಿನ ಕ್ಷಾರತೆ, ಅಂದರೆ ಆ ಅಂಶ ನೀರಿನಲ್ಲಿ ಎಷ್ಟಿದೆಯೆಂಬ ಅಳತೆ, ಇಳಿಯುತ್ತದೆ. ಅದು ಎಂಟು ಡಿಗ್ರಿಯ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಬೇಕು. ಹಾಗಾಗಿ ನಾನು ಊರು ಬಿಡುವಂತಿರಲಿಲ್ಲ.

ಊರು ಬಿಡಲೇಬೇಕಾದ ಕಾರಣವೂ ಇತ್ತು. ಅರಳಸುರಳಿಯಲ್ಲಿರುವ ನನ್ನ ಅಕ್ಕನಿಗೆ ನಾಲ್ಕು ವಾರ ಬಿಟ್ಟು ಕಣ್ಣಿನ ಪೊರೆಯ ಆಪರೇಷನ್. ಎರಡು ವರ್ಷದ ಹಿಂದೆ ಮೊದಲ ಕಣ್ಣಿಗಾದಾಗ ಹನಿ ಹಾಕುವುದರಲ್ಲಿ ಹೊತ್ತು ತಪ್ಪಿ, ಕಣ್ಣು ಊದಿ, ಆ ಕಣ್ಣಿಗೆ ಈಗಲೂ ಮಂಜು. ಉಳಿದದ್ದು ಈ ಎರಡನೆಯದು. ಮನೆ ತುಂಬ ಜನರಿದ್ದರೂ ಈ ಸಲ ನಾನೇ ಬಂದು ಹನಿ ಹಾಕಬೇಕೆಂದು ಅಕ್ಕನ ಹಠ. ನಾನು ಮಾತು ಕೊಟ್ಟಿದ್ದೆ.

ಪೆಟ್ಟಿಗೆಯಲ್ಲಿ ಬಂದದ್ದು ಡಾಕ್ಟರಮ್ಮ ತರಿಸಿದ ನನ್ನ ಬಿಡುಗಡೆಯ ಯಂತ್ರ. ಕ್ಯಾಲ್ಸಿಯಂ ರಿಯಾಕ್ಟರ್. ಕೊಳವೆಯೊಳಗೆ ಸತ್ತ ಹವಳದ ಚೂರು ತುಂಬಬೇಕು. ಪಂಪಿನಿಂದ ತೊಟ್ಟಿಯ ನೀರನ್ನು ಒಳಗೆ ಬಿಡಬೇಕು. ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಗುಳ್ಳೆಯಾಗಿ ಸೇರಿದಾಗ ನೀರು ಹುಳಿಯಾಗುತ್ತದೆ, ಹುಳಿನೀರು ಚೂರನ್ನು ಕರಗಿಸುತ್ತದೆ, ಕರಗಿದ್ದು ಮತ್ತೆ ತೊಟ್ಟಿಗೆ ಬೀಳುತ್ತದೆ. ಸತ್ತ ಹವಳ ಬದುಕಿರುವ ಹವಳಕ್ಕೆ ಊಟ.

"ಅದೊಂದು ಕೂತ್ರೆ ನೀವು ವಾರಕ್ಕೊಂದ್ಸಲ ನೋಡಿದ್ರೆ ಸಾಕು ಸಿಸ್ಟರ್" ಎಂದರು ಡಾಕ್ಟರಮ್ಮ ಫೋನಿನಲ್ಲಿ. "ಆಮೇಲೆ ಎರಡು ವಾರ ಅಕ್ಕನ ಮನೇಲಿ ಆರಾಮಾಗಿ ಇದ್ದು ಬನ್ನಿ."

ಜೋಡಿಸಲು ಎರಡು ದಿನ ಹಿಡಿಯಿತು. ಹವಳದ ಚೂರನ್ನು ಹದಿನಾಲ್ಕು ನೀರಿನಲ್ಲಿ ತೊಳೆದೆ, ಹಾಲಿನಂಥ ಕಲಕು ನಿಂತ ಮೇಲೆ ತುಂಬಿದೆ. ಗ್ಯಾಸಿಗೆ ರಿಪ್ಪನ್‌ಪೇಟೆಗೆ ಹೋದೆ. ಅಲ್ಲೊಬ್ಬರು ಸೋಡಾ ತಯಾರಿಸುವವರಿದ್ದಾರೆ, ಅವರ ಬಳಿ ದೊಡ್ಡ ಸಿಲಿಂಡರುಗಳಿವೆ. ನನ್ನ ಚೀಲದಿಂದ ಹೊರಬಂದ ಪುಟಾಣಿ ಸಿಲಿಂಡರನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಎಂತಕ್ಕೆ ಸಿಸ್ಟ್ರೇ ಇದು? ರಿಟೈರಾದ್ಮೇಲೆ ಸೋಡಾ ಅಂಗಡಿ ಹಾಕ್ತೀರಾ?"

"ಹವಳಕ್ಕೆ. ಮೀನಿನ ತೊಟ್ಟೀಲಿ ಜೀವ ಇರೋ ಹವಳ ಇದೆ. ಅದಕ್ಕೆ ಗ್ಯಾಸ್ ಬೇಕು."

"ನಾವು ಮನುಷ್ರಿಗೆ ಹೊಟ್ಟೆ ಉಬ್ಬರ ಅಂದ್ರೆ ಸೋಡಾ ಕೊಡ್ತೀವಿ. ನಿಮ್ಮ ಹೊಸನಗರದಲ್ಲಿ ಮೀನಿಗೂ ಶುರುವಾಯ್ತಾ?" ಎನ್ನುತ್ತಲೇ ತುಂಬಿಸಿದರು. "ಇದನ್ನ ನೀವು ಬಸ್ಸಲ್ಲಿ ತಗೊಂಡು ಹೋಗ್ಬೇಡಿ. ಗುರುವಾರ ನಮ್ಮ ಗಾಡಿ ಬರ್ತದೆ, ಅದ್ರಲ್ಲಿ ಹಾಕ್ತೀನಿ."

ಗುರುವಾರ ಬಂತು. ಶನಿವಾರ ಬೆಳಿಗ್ಗೆ ಖಾಲಿ. ಆರು ತಿಂಗಳು ಬರಬೇಕಾದ ಗ್ಯಾಸು ಎರಡು ದಿನದಲ್ಲಿ ಹೋಗಿತ್ತು. ರೆಗ್ಯುಲೇಟರಿನ ತಿರುಪಿಗೆ ನಾನು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಬಿಗಿಯಾಗಿ ಸುತ್ತಿದ್ದೆ. ಮತ್ತೆ ರಿಪ್ಪನ್‌ಪೇಟೆ.

"ಟೇಪ್ ಸುತ್ತಿದ್ರಾ?" ಸೋಡಾದವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಅದು ನೀರಿಗೆ. ಗ್ಯಾಸ್ ಹಿಡಿಯೋದು ಟೇಪಲ್ಲ, ವಾಷರ್ರು. ಬಿಳೀ ಉಂಗುರದ ಥರ ಒಂದು ಬಂದಿರ್ಬೇಕು ನೋಡಿ. ಅಷ್ಟು ವರ್ಷ ಆಕ್ಸಿಜನ್ ಕೊಟ್ಟೋರಲ್ವಾ ನೀವು?"

"ಸಿಲಿಂಡರ್ ಕೂರಿಸೋಕೆ ಬೇರೆಯವರಿದ್ರು. ನಾನು ಮೀಟರಿನ ಮುಳ್ಳು ನೋಡ್ತಿದ್ದೆ ಅಷ್ಟೆ" ಎಂದೆ. ಉಂಗುರ ನನ್ನ ಪಟ್ಟಿಯಲ್ಲಿತ್ತು, ಬಿಡಿಭಾಗವೆಂದು.

ಮತ್ತೆ ಗುರುವಾರದವರೆಗೆ ಕಾಯಬೇಕು, ಅಲ್ಲಿಯವರೆಗೆ ಪುಡಿ. ಬೆಳಿಗ್ಗೆ ಆರು, ಸಂಜೆ ಆರು. ಆಸ್ಪತ್ರೆಯ ಪಾಳಿಗಾದರೂ ಒಂದು ಕೊನೆಯಿತ್ತು. ಎರಡು ಗಂಟೆಗೆ ಮುಂದಿನವಳು ಬರುತ್ತಿದ್ದಳು, ಅವಳಿಗೆ ವಾರ್ಡನ್ನು ಒಪ್ಪಿಸಿ, ಏಪ್ರನ್ ಕಳಚಿ, ಗೇಟು ದಾಟಿದರೆ ಮುಗಿಯಿತು. ಇಲ್ಲಿ ಒಪ್ಪಿಸಲು ಯಾರೂ ಇಲ್ಲ. ಕಿಟಕಿಯಿಲ್ಲದ ಕೋಣೆ, ಅರ್ಧ ಎಳೆದ ಶಟರು, ಖಾಲಿ ಬೆಂಚು, ಇಡೀ ದಿನ ಪಂಪಿನ ಗುಂಯ್ ಸದ್ದು, ಉಪ್ಪಿನ ತೇವದ ವಾಸನೆ. ಮನೆಗೆ ಹೋದರೂ ಆ ಸದ್ದು ಕಿವಿಯಲ್ಲೇ ಬರುತ್ತಿತ್ತು.

ಎರಡನೇ ಸಲ ತುಂಬಿ ಬಂದ ಸಿಲಿಂಡರಿಗೆ ಉಂಗುರ ಹಾಕಿ ಬಿಗಿದೆ, ಸಾಬೂನಿನ ನೊರೆ ಹಚ್ಚಿ ನೋಡಿದೆ. ಒಂದೂ ಗುಳ್ಳೆ ಏಳಲಿಲ್ಲ. ನಿಮಿಷಕ್ಕೆ ಇಪ್ಪತ್ತು ಗುಳ್ಳೆ ಗ್ಯಾಸು ಒಳಗೆ ಹೋಗುವಂತೆ ಮಾಡಿದೆ. ಉಳಿದದ್ದು ಹೊರಬರುವ ನೀರು. ಅದಕ್ಕಾಗಿ ಬಂದಿದ್ದ ನಲ್ಲಿ ಒರಟು. ಕೂದಲೆಳೆಯಷ್ಟು ತಿರುಗಿಸಿದರೆ ಪೂರ್ತಿ ಬಂದ್, ಇನ್ನೊಂದು ಕೂದಲೆಳೆಗೆ ಧಾರೆ. ಕೈಪಿಡಿಯಲ್ಲಿ ಹನಿಹನಿಯಾಗಿ ಎಂದು ಬರೆದಿತ್ತು. ಎರಡು ದಿನ ಗುದ್ದಾಡಿದೆ. ಮೂರನೇ ದಿನ ಪಕ್ಕದ ಮೆಡಿಕಲ್ ಶಾಪಿಗೆ ಹೋಗಿ ಒಂದು ಡ್ರಿಪ್ ಸೆಟ್ ತಂದೆ.

ರೋಗಿಗೆ ಗ್ಲೂಕೋಸು ಏರಿಸುವ ಅದೇ ಸೆಟ್. ಹನಿ ಬೀಳುವ ಪುಟ್ಟ ಕೋಣೆ, ಹೆಬ್ಬೆರಳಿನಿಂದ ಉರುಳಿಸುವ ಗಾಲಿ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ನನ್ನ ಕೈ ನೋಡದೆಯೂ ಹೊಂದಿಸಬಲ್ಲ ವಸ್ತು ಪ್ರಪಂಚದಲ್ಲಿ ಒಂದಿದ್ದರೆ ಅದು. ನಲ್ಲಿಯನ್ನು ಕಳಚಿ ಸೆಟ್ಟನ್ನು ಸಿಕ್ಕಿಸಿದೆ, ಗಡಿಯಾರ ಹಿಡಿದು ನಿಮಿಷಕ್ಕೆ ತೊಂಬತ್ತು ಹನಿಗೆ ನಿಲ್ಲಿಸಿದೆ. ಫೋಟೊ ನೋಡಿ ಡಾಕ್ಟರಮ್ಮ ನಕ್ಕರು.

"ಸಿಸ್ಟರ್, ನನ್ನ ತೊಟ್ಟೀನ ಅಡ್ಮಿಟ್ ಮಾಡ್ಕೊಂಡ್ರಾ?"

ಅಂದಿನಿಂದ ಪುಡಿ ನಿಲ್ಲಿಸಿದೆ. ಚಾರ್ಟ್ ಹಾಕಿದೆ. ದಿನವೂ ಬೆಳಿಗ್ಗೆ ಆರಕ್ಕೆ ಶಟರು ಎತ್ತುವುದು. ಮೊದಲು ಡ್ರಿಪ್, ಆಮೇಲೆ ಚಾರ್ಟ್. ವಾರ್ಡಿನಲ್ಲಿ ನಮಗೆ ಕಲಿಸಿದ ಕ್ರಮ ಅದು. ರೋಗಿಗೆ ಆಗಬೇಕಾದದ್ದು ಮೊದಲಾಗಲಿ, ಬರೆಯುವುದು ನಂತರ. ಬೆಳಿಗ್ಗೆ ಹನಿ ನಿಧಾನವಾಗಿರುತ್ತಿತ್ತು. ಎಷ್ಟೆಂದು ಎಣಿಸದೆ ಗಾಲಿಯನ್ನು ಪೂರ್ತಿ ತೆರೆದು, ನೀರನ್ನು ಅರ್ಧ ಗಂಟೆ ಧಾರೆಯಾಗಿ ಹರಿಯಗೊಟ್ಟು ಕೊಳವೆಯ ಗಂಟಲು ತೊಳೆದು, ಮತ್ತೆ ತೊಂಬತ್ತಕ್ಕೆ ನಿಲ್ಲಿಸುತ್ತಿದ್ದೆ. ಡ್ರಿಪ್ ನಿಧಾನವಾಗುವುದು ವಾರ್ಡಿನಲ್ಲಿ ಒಂದು ಘಟನೆಯೇ ಅಲ್ಲ. ಅದನ್ನು ಬರೆಯಲೂ ಇಲ್ಲ. ಆಮೇಲೆ ಗುಳ್ಳೆ ಎಣಿಸಿ, ನೆಲ ಒರೆಸಿ, ಐದು ಮಿಲಿಲೀಟರ್ ತೊಟ್ಟಿಯ ನೀರು ತೆಗೆದು ಕ್ಷಾರತೆ ನೋಡುವುದು. ಸಿರಿಂಜಿನಿಂದ ಔಷಧಿ ಹನಿಸಿ, ನೀಲಿ ಬಣ್ಣ ಗುಲಾಬಿಗೆ ತಿರುಗಿದಲ್ಲಿ ಓದುವುದು. ಏಳು ಪಾಯಿಂಟ್ ಒಂಬತ್ತು. ಎಂಟು. ಏಳು ಪಾಯಿಂಟ್ ಒಂಬತ್ತು. ಎಂಟು. ಚಾರ್ಟಿನ ಗೆರೆ ಸ್ಕೇಲಿಟ್ಟು ಎಳೆದ ಹಾಗಿತ್ತು. ಫೋಟೊ ತೆಗೆದು ಸಾಗರಕ್ಕೆ ಕಳಿಸುತ್ತಿದ್ದೆ.

"ನೀವಿದ್ದೀರಲ್ಲ ಸಿಸ್ಟರ್, ನಂಗೆ ಭಯ ಇಲ್ಲ" ಎಂದು ಬರುತ್ತಿತ್ತು ಉತ್ತರ.

ಆರನೇ ದಿನ ನೇರಳೆ ಹವಳದ ಬುಡದಲ್ಲಿ ಬಿಳಿಯ ಗೆರೆಯೊಂದು ಕಂಡಿತು. ಮೇಲಿನ ಚರ್ಮ ಸುಲಿದು ಎಲುಬು ಕಾಣುವಂಥ ಬಿಳಿ. ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕಿದೆ. ಎರಡು ದಿನಕ್ಕೆ ಗೆರೆ ಒಂದು ಬೆರಳು ಏರಿತ್ತು. ದೀಪದ ಹೊತ್ತು ಕಡಿಮೆ ಮಾಡಿದೆ. ಉಷ್ಣತೆ ನೋಡಿದೆ, ಸರಿಯಿತ್ತು. ಹೊಸ ಉಪ್ಪುನೀರು ಮಾಡಿ ಮೂವತ್ತು ಲೀಟರ್ ಬದಲಿಸಿದೆ. ಗೆರೆ ಇನ್ನೊಂದು ಬೆರಳು ಏರಿತು. ಚಾರ್ಟಿನಲ್ಲಿ ಮಾತ್ರ ಏಳು ಪಾಯಿಂಟ್ ಒಂಬತ್ತು, ಎಂಟು.

ಡಾಕ್ಟರಮ್ಮನಿಗೆ ಹೇಳಲಿಲ್ಲ. ಒತ್ತಡ ಏರಿದ ಗರ್ಭಿಣಿಗೆ ಕೆಟ್ಟ ಸುದ್ದಿ ಹೇಳಬಾರದು ಎಂದುಕೊಂಡೆ. ಫೋಟೊದಲ್ಲಿ ಚಾರ್ಟ್ ಮಾತ್ರ ಇರುವಂತೆ ನೋಡಿಕೊಂಡೆ. ಎದ್ದು ಹೋಗಲೂ ಆಗದೆ, ಮಾಡಲು ಏನೂ ತೋಚದೆ, ಬೆಳಿಗ್ಗೆಯಿಂದ ಹನ್ನೊಂದರವರೆಗೆ ತೊಟ್ಟಿಯ ಎದುರು ಕೂರತೊಡಗಿದೆ, ಹನಿ ನಿಧಾನವಾದರೆ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಒಂದು ದಿನ ದವಡೆಗೆ ಟವೆಲ್ ಕಟ್ಟಿಕೊಂಡ ಒಬ್ಬರು ಶಟರಿನ ಕೆಳಗೆ ಬಗ್ಗಿದರು.

"ಡಾಕ್ಟ್ರು ಇಲ್ವಾ? ಒಳಗೆ ಲೈಟಿದೆ."

"ಇಲ್ಲ. ಇನ್ನು ನಾಲ್ಕು ತಿಂಗಳು ಇಲ್ಲ."

"ಮತ್ತೆ ನೀವೆಂತ ಮಾಡ್ತಿದ್ದೀರಿ?"

"ಹನಿ ಎಣಿಸ್ತಿದ್ದೀನಿ."

ಅವರು ಒಂದು ಕ್ಷಣ ನನ್ನನ್ನೇ ನೋಡಿ, ನೋವಿನ ದವಡೆಯನ್ನು ಹಿಡಿದುಕೊಂಡು, ತೀರ್ಥಹಳ್ಳಿಗೇ ಹೋಗ್ತೀನಿ ಎಂದು ಹೊರಟರು.

ಹನ್ನೆರಡನೇ ದಿನ. ಮರುದಿನ ಬೆಳಿಗ್ಗೆ ಅಕ್ಕನ ಆಪರೇಷನ್, ಸಂಜೆಗೆ ಮನೆಗೆ ಬರುತ್ತಾಳೆ. ನಾನು ಆ ಹೊತ್ತಿಗೆ ಅಲ್ಲಿರಬೇಕು. ಬಿಳಿಗೆರೆಗೆ ಕಾರಣ ಸಿಗದಿದ್ದರೂ ಚಾರ್ಟ್ ಸರಿಯಿದೆ, ರಿಯಾಕ್ಟರ್ ಕೂತಿದೆ, ಇನ್ನು ನಾನಿದ್ದು ಮಾಡುವುದೇನೂ ಇಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಚೀಲ ತುಂಬಿದೆ. ನಾಲ್ಕು ಗಂಟೆಗೆ ಬಸ್ಸು. ಕಣ್ಣು ನೋಡುವ ಪೆನ್ ಟಾರ್ಚು ಕ್ಲಿನಿಕ್ಕಿನಲ್ಲೇ ಉಳಿದಿತ್ತು. ಅದನ್ನು ತೆಗೆದುಕೊಳ್ಳಲೆಂದು ಮೂರೂವರೆಗೆ ಶಟರು ಎತ್ತಿದೆ. ಡ್ರಿಪ್ ಹಾಕಿದ ಮೇಲೆ ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಪಂಪಿನ ಸದ್ದು ಬೇರೆಯಾಗಿತ್ತು. ಗುಂಯ್ ಅಲ್ಲ, ಗಂಟಲಲ್ಲಿ ಕಫ ಕಟ್ಟಿದವರ ಉಸಿರಿನಂತೆ ಗೊಳಗೊಳ. ಬಗ್ಗಿ ನೋಡಿದರೆ ಕೊಳವೆಯ ತಲೆಯಲ್ಲಿ ಗ್ಯಾಸು ತುಂಬಿ ನೀರು ಕೆಳಗಿಳಿದಿತ್ತು. ಡ್ರಿಪ್ ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು. ಬೆಳಿಗ್ಗೆ ತೊಂಬತ್ತಕ್ಕೆ ನಿಲ್ಲಿಸಿ ಹೋಗಿದ್ದೆ.

ಹೆಬ್ಬೆರಳು ತಾನಾಗಿಯೇ ಗಾಲಿಗೆ ಹೋಯಿತು. ತಿರುಗಿಸದೆ ಅಲ್ಲಿಗೇ ತಡೆದೆ. ಮೊದಲು ತೊಟ್ಟಿಯ ನೀರು ತೆಗೆದು ಪರೀಕ್ಷಿಸಿದೆ. ಏಳು ಪಾಯಿಂಟ್ ಒಂದು. ಸಿರಿಂಜು ತೊಳೆದು ಮತ್ತೊಮ್ಮೆ ಮಾಡಿದೆ. ಏಳು ಪಾಯಿಂಟ್ ಒಂದು. ಇನ್ನು ಹದಿನಾಲ್ಕು ಗಂಟೆ ಕಳೆದು ಬೆಳಿಗ್ಗೆ ಆರಾಗುವಾಗ ಅದು ಎಲ್ಲಿರುತ್ತದೆ? ಆಮೇಲೆ ಡ್ರಿಪ್ಪಿನ ತುದಿಯನ್ನು ಒಂದು ಲೋಟಕ್ಕೆ ಹಿಡಿದು ಗಾಲಿ ತೆರೆದೆ. ಲೋಟದ ನೀರಿಗೆ ಔಷಧಿ ಹನಿಸುತ್ತ ಹೋದೆ. ಸಿರಿಂಜು ಖಾಲಿಯಾಯಿತು, ಬಣ್ಣ ತಿರುಗಲೇ ಇಲ್ಲ. ಸುಣ್ಣ ಕರಗಿ ಅಳತೆಯನ್ನೂ ಮೀರಿ ಗಟ್ಟಿಯಾದ ಹುಳಿನೀರು.

ಬಸ್ಸು ಹಾರ್ನ್ ಹೊಡೆದುಕೊಂಡು ಕ್ಲಿನಿಕ್ಕಿನ ಮುಂದೆಯೇ ಹಾದುಹೋಯಿತು.

ಬೆಂಚಿನ ಮೇಲೆ ಕೂತೆ. ಎಲ್ಲ ಅರ್ಥವಾಗಿತ್ತು. ಗ್ಲೂಕೋಸಿಗೆ ಮಾಡಿದ ಸಣ್ಣ ದಾರಿಯಲ್ಲಿ ಸುಣ್ಣದ ನೀರು ಹೋದರೆ ಗಂಟೆ ಗಂಟೆಗೂ ಸುಣ್ಣ ಕಟ್ಟುತ್ತದೆ. ನಾನು ಮನೆಗೆ ಹೋದ ಮೇಲೆ ಹನಿ ಇಳಿಯುತ್ತಿತ್ತು. ಹೊರದಾರಿ ಮುಚ್ಚಿದ ಕೊಳವೆಯೊಳಗೆ ಗ್ಯಾಸು ಮಾತ್ರ ಹೋಗುತ್ತಲೇ ಇತ್ತು, ಒಳಗಿನ ನೀರು ಇನ್ನಷ್ಟು ಹುಳಿಯಾಗಿ ಇನ್ನಷ್ಟು ಕರಗಿಸಿಕೊಳ್ಳುತ್ತಿತ್ತು. ತೊಟ್ಟಿ ಇಡೀ ದಿನ, ಇಡೀ ರಾತ್ರಿ ಉಪವಾಸ. ಬೆಳಿಗ್ಗೆ ಆರಕ್ಕೆ ನಾನು ಬಂದು ಗಾಲಿ ತೆರೆದು ನಾಲ್ಕೈದು ಲೀಟರ್ ಗಟ್ಟಿನೀರನ್ನು ಒಂದೇ ಸಲ ಸುರಿದು, ಅದು ಬೆರೆತ ಮೇಲೆ ಪರೀಕ್ಷೆ ಮಾಡಿ ಎಂಟು ಎಂದು ಬರೆಯುತ್ತಿದ್ದೆ. ಚಾರ್ಟು ತೊಟ್ಟಿಯದಾಗಿರಲಿಲ್ಲ. ನಾನು ಆಗಷ್ಟೇ ಸುರಿದದ್ದರದು. ಹನ್ನೆರಡು ದಿನದಲ್ಲಿ ಒಮ್ಮೆ ಹೊತ್ತು ತಪ್ಪಿದ್ದರೆ, ಒಮ್ಮೆ ಕ್ರಮ ಹಿಂದುಮುಂದಾಗಿದ್ದರೆ ತಿಳಿದುಬಿಡುತ್ತಿತ್ತು. ಒಮ್ಮೆಯೂ ತಪ್ಪಿರಲಿಲ್ಲ.

ಅಕ್ಕನಿಗೆ ಮೊದಲು ಫೋನು ಮಾಡಿದೆ.

"ನಾಳೆ ಬರೋಕಾಗೋದಿಲ್ಲ ಅಕ್ಕಾ. ನಾಲ್ಕು ದಿನ ತಡ ಆಗ್ತದೆ."

"ಎಂತ, ಮೀನಿಗೆ ಜ್ವರವಾ?"

"ಹವಳಕ್ಕೆ."

"ಹವಳಕ್ಕೆ ಜ್ವರ ಬರೋದು ನಾ ಈ ವಯಸ್ಸಲ್ಲಿ ಕೇಳ್ಬೇಕಾಯ್ತಲ್ಲೇ ಮಾರಾಯ್ತಿ! ನನ್ನ ಕಣ್ಣು ಹೋದ್ರೆ ಅದನ್ನೇ ತಂದು ಗುಡ್ಡೆ ಜಾಗಕ್ಕೆ ಕೂರ್ಸು."

"ಸೊಸೆಗೆ ಫೋನ್ ಕೊಡು" ಎಂದೆ. ಹನಿ ಹಾಕುವ ಕ್ರಮವನ್ನು ಅವಳಿಗೆ ಎರಡು ಸಲ ಹೇಳಿ, ಅವಳಿಂದ ಒಂದು ಸಲ ಹೇಳಿಸಿಕೊಂಡೆ. ಪ್ರತಿ ಹೊತ್ತಿಗೂ ವಿಡಿಯೊ ಕಾಲ್ ಮಾಡಬೇಕೆಂದೆ. ಅವಳು ಹೂಂ ಅಂದಳು, ಹಿಂದೆ ಅಕ್ಕ ಗೊಣಗುವುದು ಕೇಳುತ್ತಿತ್ತು.

ಆಮೇಲೆ ಸಾಗರಕ್ಕೆ. ಡ್ರಿಪ್ಪು, ಚಾರ್ಟು, ಬಿಳಿ ಗೆರೆ, ಎಲ್ಲವನ್ನೂ ಹೇಳಿದೆ.

"ಎಷ್ಟು ಮೇಲೆ ಬಂದಿದೆ ಸಿಸ್ಟರ್?"

"ಮೂರು ಬೆರಳು."

"ಯಾವಾಗಿಂದ?"

"ಆರು ದಿನ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಬಿ.ಪಿ. ಏರ್ತದೆ ಅಂತ."

"ನನ್ನ ಬಿ.ಪಿ. ನೋಡೋಕೆ ಇಲ್ಲಿ ಅಮ್ಮ ಇದ್ದಾರೆ, ಡಾಕ್ಟ್ರಿದ್ದಾರೆ. ಆ ಹವಳ ನೋಡೋಕೆ ನೀವೊಬ್ರೇ ಇದ್ದದ್ದು."

ಮೂವತ್ತಮೂರು ವರ್ಷದಲ್ಲಿ ಯಾವ ವೈದ್ಯರೂ ನನಗೆ ಅಷ್ಟು ಮೆತ್ತಗೆ ಬೈದಿರಲಿಲ್ಲ.

"ಕತ್ತರಿಸ್ಬಿಡಿ" ಎಂದರು ಕೊನೆಗೆ. "ಬಿಳಿ ಇರೋ ಭಾಗ ಹೋಯ್ತು. ಗೆರೆಗಿಂತ ಎರಡು ಬೆರಳು ಮೇಲೆ, ಚೆನ್ನಾಗಿರೋ ತುದಿಗಳನ್ನ ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿ. ತಂತಿ ಕತ್ತರಿಸೋ ಇಕ್ಕಳ ಮೂರನೇ ಡ್ರಾಯರಲ್ಲಿದೆ."

"ಗೊತ್ತು. ಅದನ್ನ ಅಲ್ಲಿಟ್ಟಿದ್ದು ನಾನೇ."

ಮರುದಿನ ಬೆಳಿಗ್ಗೆ ಎಂಟಕ್ಕೆ ಕತ್ತರಿಸಿದೆ. ಇಕ್ಕಳ ಕುದಿಸಿದೆ, ಗ್ಲೌಸು ಹಾಕಿದೆ. ಎಲುಬು ತುಂಡಾಗುವಾಗ ಒಣ ಕಡ್ಡಿ ಮುರಿದ ಸದ್ದು. ಏಳು ತುದಿ ಸಿಕ್ಕವು. ಒಂದೊಂದನ್ನೂ ಅಂಟಿನಿಂದ ಕಲ್ಲಿಗೆ ನಿಲ್ಲಿಸಿದೆ. ಆರು ವರ್ಷದ ಬುಡವನ್ನು ಹೊರತೆಗೆದು ಬಟ್ಟೆಯಲ್ಲಿ ಸುತ್ತಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಎಸೆಯುವುದು ಬಿಡುವುದು ಅವರಿಗೆ ಬಿಟ್ಟದ್ದು.

ಡ್ರಿಪ್ ಸೆಟ್ಟನ್ನು ಕಿತ್ತೆ. ಹನಿಯನ್ನೇ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ಹನಿಯಾಗಿಸಲು ದಾರಿಯನ್ನು ಹಿಂಡಬೇಕು, ಹಿಂಡಿದಲ್ಲಿ ಸುಣ್ಣ ಕಟ್ಟುತ್ತದೆ. ಅದೇ ಒರಟು ನಲ್ಲಿಯನ್ನು ಮತ್ತೆ ಹಾಕಿ, ಅಗಲದ ಕೊಳವೆ ಜೋಡಿಸಿ, ಹೊಲಿಗೆ ದಾರದಂಥ ಕಡಿಯದ ಧಾರೆ ಬಿಟ್ಟೆ. ಔಷಧಿ ಅಳೆಯುವ ಮೂವತ್ತು ಮಿಲಿಲೀಟರಿನ ಲೋಟ ಸರಿಯಾಗಿ ಒಂದು ನಿಮಿಷಕ್ಕೆ ತುಂಬುತ್ತಿತ್ತು. ನೀರು ಹೆಚ್ಚು, ಗಟ್ಟಿತನ ಕಡಿಮೆ. ಎಣಿಸಲು ಅದರಲ್ಲಿ ಏನೂ ಇರಲಿಲ್ಲ. ಡಾಕ್ಟರಮ್ಮನಿಗೂ ಅದು ಒಪ್ಪಿಗೆಯಾಯಿತು.

ಚಾರ್ಟ್ ಹರಿದು ಹೊಸದು ಬರೆದೆ. ಮೊದಲ ಅಂಕಣ, ಹೊತ್ತು. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದೂವರೆ. ಮರುದಿನ ಅವೂ ಬೇರೆ. ಮೂರು ದಿನ ಏನೇ ಕಂಡರೂ ಯಾವುದನ್ನೂ ಮುಟ್ಟುವುದಿಲ್ಲ ಎಂದು ಕೆಳಗೆ ಬರೆದು ಸಹಿ ಹಾಕಿದೆ. ಏಳು ಪಾಯಿಂಟ್ ಎರಡು ಬಂತು. ಮುಟ್ಟಲಿಲ್ಲ. ಕೈಯನ್ನು ಸೊಂಟದ ಹಿಂದೆ ಕಟ್ಟಿಕೊಂಡು ನಿಂತೆ. ಏಳು ಪಾಯಿಂಟ್ ಮೂರು. ಮತ್ತೆ ಏಳು ಪಾಯಿಂಟ್ ಮೂರು. ಎರಡು ತುದಿಗಳು ಬಿಳಿಯಾದವು. ಮೂರನೇ ಸಂಜೆ ಏಳು ಪಾಯಿಂಟ್ ನಾಲ್ಕು. ಲೋಟ ಒಂದು ನಿಮಿಷಕ್ಕೇ ತುಂಬುತ್ತಿತ್ತು. ನಾಲ್ಕನೇ ಬೆಳಿಗ್ಗೆ ಗುಳ್ಳೆಯನ್ನು ಇಪ್ಪತ್ತರಿಂದ ಇಪ್ಪತ್ತನಾಲ್ಕಕ್ಕೆ, ಒಂದೇ ಸಲ, ಏರಿಸಿದೆ. ಉಳಿದ ಐದು ತುದಿಗಳ ಮೇಲೆ ಮೊಡವೆಯಷ್ಟು ಸಣ್ಣ ಬಾಯಿಗಳು ತೆರೆದುಕೊಂಡಿದ್ದವು. ಈ ಸಲ ತೊಟ್ಟಿಯದೇ ಫೋಟೊ ತೆಗೆದು ಕಳಿಸಿದೆ.

"ಹೊರಡಿ ಸಿಸ್ಟರ್" ಎಂದು ಉತ್ತರ ಬಂತು. "ಐದು ಸಾಕು. ನಾನೂ ಒಂದರಿಂದಲೇ ಶುರು ಮಾಡಿದ್ದು."

ನಾಲ್ಕರ ಬಸ್ಸಿಗೆ ಹೊರಟೆ. ಅರಳಸುರಳಿ ತಲುಪುವಾಗ ದೀಪ ಹಚ್ಚಿದ್ದರು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಗೋಡೆಯಲ್ಲಿ ಅವಳ ಸೊಸೆ ಬರೆದ ಹನಿಯ ಚಾರ್ಟು, ನಾಲ್ಕು ದಿನದ್ದು, ಒಂದು ಹೊತ್ತೂ ಬಿಟ್ಟಿರಲಿಲ್ಲ.

"ಬಂದ್ಯಾ? ನಿನ್ನ ಹವಳ ಬದುಕ್ತಾ?"

"ಅರ್ಧ."

"ನಂದೂ ಅರ್ಧವೇ. ಒಂದು ಕಣ್ಣು" ಎಂದು ನಕ್ಕಳು. "ಹೊತ್ತಾಯ್ತು ಕಾಣು. ಚಾರ್ಟಲ್ಲಿ ಎಲ್ಲ ಸರಿ ಇದೆ. ಸುಮ್ನೆ ಹನಿ ಹಾಕು."

ಸೊಸೆ ಔಷಧಿಯ ಪುಟ್ಟ ಸೀಸೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಮೇಜಿನ ಮೇಲಿಟ್ಟು, ಕೈ ತೊಳೆದು ಬಂದು, ಚೀಲದಿಂದ ಪೆನ್ ಟಾರ್ಚು ತೆಗೆದೆ.

"ಮೊದಲು ಕನ್ನಡಕ ತೆಗಿ ಅಕ್ಕಾ. ಕಣ್ಣು ನೋಡ್ತೀನಿ."